ಇನ್ನೊಬ್ಬ ದಕ್ಕಪ್ಪ ಬೇಕಾಗಿದ್ದಾನೆ

ಮುಟ್ಟಳ್ಳಿಯ ದಕ್ಕಪ್ಪ ನಾಯ್ಕನಿಗೆ ಅಂದು ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಕಟ್ಟೆಗೆ, ಅಲ್ಲಿಂದ ಮತ್ತೆ ಜಗಲಿಗೆ. ಅವನ ಓಡಾಟ ನೋಡಿ ನೋಡಿ ಕೋಳಿಗಳಿಗೇ ತಲೆ ತಿರುಗಿ, ಒಂದು ಹೇಂಟೆ ನೆರೆಮನೆಯ ಹಿತ್ತಲಿಗೆ ಹೋಗಿ ಮೊಟ್ಟೆಯಿಟ್ಟು ಬಂತು.

ಮಾರನೆಯ ದಿನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಆ ಹೆಸರು ತನ್ನದೇ ಆಗಬೇಕೆಂದು ದಕ್ಕಪ್ಪನ ಆಸೆ. ಆಸೆ ಎಂದರೆ ಕಡಿಮೆಯಾಯಿತು, ಹಟ.

ಈ ಹೆಸರು ಹುಟ್ಟಿದ್ದು ಬಹಳ ಸಣ್ಣ ರೀತಿಯಲ್ಲಿ. ದಕ್ಕಪ್ಪನ ತಾಯಿಗೆ ಅವನಿಗಿಂತ ಮುಂಚೆ ಹುಟ್ಟಿದ ಗಂಡುಮಕ್ಕಳು ಯಾರೂ ದಕ್ಕಿರಲಿಲ್ಲ. ಇವನು ಹುಟ್ಟಿದಾಗ ಸೂಲಗಿತ್ತಿ ಇವನನ್ನು ಮೊರದಲ್ಲಿ ಮಲಗಿಸಿ, ಮುಖ ನೋಡಿ, “ಇದು ದಕ್ತದೆ ಕಾಣಿ” ಎಂದಳು. ದಕ್ಕಿತು. ಹೆಸರೂ ದಕ್ಕಪ್ಪ ಎಂದಾಯಿತು. ಭಟ್ಕಳದಲ್ಲಿ ಆ ಹೆಸರಿನವರು ಮತ್ತೊಬ್ಬರಿರಲಿಲ್ಲ; ಮತದಾನದ ದಿನ ಯಾವ ಊರಿನ ಅಧಿಕಾರಿ ಬಂದರೂ ಆ ಹೆಸರು ಕೂಗುವಾಗ ಒಮ್ಮೆ ನಿಂತು, ಕನ್ನಡಕ ಸರಿಮಾಡಿಕೊಂಡೇ ಕೂಗುತ್ತಿದ್ದ.

ಆದರೆ ಇಷ್ಟು ಸಣ್ಣ ಕಥೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಜೀವ ದಕ್ಕಪ್ಪನದಲ್ಲ. ಮೀಸೆ ಮೂಡಿದಾಗಿನಿಂದ ತಲೆ ನರೆಯುವ ತನಕ ಅವನು ಭಟ್ಕಳ, ಹೊನ್ನಾವರ, ಕುಮಟೆಯ ಮಧ್ಯೆ ಓಡುವ ಟೆಂಪೋದಲ್ಲಿ ಕಂಡಕ್ಟರ್ ಆಗಿದ್ದವನು. ಆಗಿನ ಟೆಂಪೋ ಎಂದರೆ, ಸೀಟಿನ ಮೇಲೆ ಜನ, ಜನರ ಮಡಿಲಲ್ಲಿ ಮೀನಿನ ಬುಟ್ಟಿ, ಬುಟ್ಟಿಯ ಮೇಲೆ ತೆಂಗಿನಕಾಯಿ ಮೂಟೆ, ಮೂಟೆಯ ಮೇಲೆ ಶಾಲೆಯ ಮಾಸ್ತರು. ಕಥೆ ಒಂದಿಲ್ಲದಿದ್ದರೆ ಅಷ್ಟು ಮಂದಿ ಒಬ್ಬರ ಬೆವರಲ್ಲಿ ಒಬ್ಬರು ತೋಯುತ್ತ ಕೂರುವುದು ಸಾಧ್ಯವೇ ಇರಲಿಲ್ಲ. ದಕ್ಕಪ್ಪ ಹಿಂದಿನ ಬಾಗಿಲಲ್ಲಿ ನೇತಾಡುತ್ತ ಕಥೆ ಹೇಳುತ್ತಿದ್ದ. ಪ್ರತಿ ಕಥೆಯಲ್ಲೂ ಒಬ್ಬ ಶೂರ, ಆ ಶೂರನ ಹೆಸರು ದಕ್ಕಪ್ಪ. ಒಮ್ಮೆ ಅವನು ಗೇರುಸೊಪ್ಪೆಯ ಹುಲಿಗೆ ಮೂಗುದಾರ ಹಾಕಿ ಗದ್ದೆ ಉತ್ತ. ಇನ್ನೊಮ್ಮೆ ಮುರ್ಡೇಶ್ವರದಲ್ಲಿ ತಿಮಿಂಗಿಲ ನುಂಗಿದಾಗ, ಅದರ ಹೊಟ್ಟೆಯೊಳಗೆ ಕೂತು ಎಲೆಯಡಿಕೆ ಹಾಕಿ ಉಗುಳಿದ್ದಕ್ಕೆ ತಿಮಿಂಗಿಲ ಅಸಹ್ಯಪಟ್ಟು ಅವನನ್ನು ಕಾಯ್ಕಿಣಿಯ ದಡಕ್ಕೆ ಎಸೆದು ಹೋಯಿತು. ಆ ಹೆಸರು ತನ್ನದು ಎಂದು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜನ ಅವನ ನುಗ್ಗೆಕೋಡಿನಂಥ ತೋಳು ನೋಡಿ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದರು. ಟೆಂಪೋದವರಿಗೆಲ್ಲ ಅವನು ಬರೀ ‘ಕಂಡಕ್ಟ್ರು’.

ಮನೆಯಲ್ಲೂ ಅಷ್ಟೆ. ಹೆಂಡತಿ ಹೊನ್ನಮ್ಮ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಿಗೆ ತಂದವಳಲ್ಲ; ಹತ್ತಿರವಿದ್ದರೆ ‘ಹೋಯ್’, ದೂರವಿದ್ದರೆ ‘ನರೇಶನ ಅಪ್ಪ’. ಸೊಸೆ ಚಂದನಾ ‘ಮಾವ’. ಹೆಸರು ಹಿಡಿದು ಕರೆಯುತ್ತಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಮೇಲೆ ಹೋದರು. ಉಳಿದವಳು ಅಕ್ಕ ದೇವಕ್ಕ ಒಬ್ಬಳು. ಅವಳೂ ಹೋದಳೆಂದರೆ, ತನ್ನ ಹೆಸರು ತನಗಿಂತ ಮುಂಚೆಯೇ ಈ ಭೂಮಿಯಿಂದ ಎದ್ದು ಹೋಗುತ್ತದೆ ಎಂಬ ಯೋಚನೆ ಮೊಮ್ಮಗ ಹುಟ್ಟಿದಂದಿನಿಂದ ದಕ್ಕಪ್ಪನ ಹೊಟ್ಟೆಯಲ್ಲಿ ಇರುವೆ ಗೂಡು ಕಟ್ಟಿದ ಹಾಗೆ ಕಟ್ಟಿತ್ತು. ಈ ಅಂಗಳದಲ್ಲಿ ಯಾರಾದರೂ ಗಂಟಲು ತೆರೆದು ‘ದಕ್ಕಪ್ಪಾ’ ಎಂದು ಕೂಗಬೇಕು, ಅದನ್ನು ತಾನು ಜಗಲಿಯಲ್ಲಿ ಕೂತು ಕೇಳಬೇಕು. ಬೇರೆ ಯಾವ ಸ್ವರ್ಗವೂ ಅವನಿಗೆ ಬೇಡ.

ಚಂದನಾಳದೇನೂ ತಕರಾರಿರಲಿಲ್ಲ. ಶಾಲೆಗೆ ಒಂದು ಹೆಸರನ್ನು ಅವಳು ಫೋನಿನಲ್ಲಿ ಹುಡುಕಿಟ್ಟುಕೊಂಡಿದ್ದಳು. ಮನೆಯಲ್ಲಿ ಕರೆಯಲು ಹಿರಿಯರು ಹೇಳಿದ ಹೆಸರು ಎಂದಿದ್ದಳು. ತಕರಾರು ಮಾಡಿದವಳು ದೇವಕ್ಕ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳೇ ಅವಳು.

“ಮನೇಲಿ ಬದ್ಕಿದ್ದವ್ರ ಹೆಸ್ರು ತೊಟ್ಲಿಗೆ ಹಾಕೂಕಿಲ್ಲ,” ಎಂದಳು ದೇವಕ್ಕ, ಜಗಲಿಯ ಕಂಬಕ್ಕೆ ಒರಗಿ ಅಡಿಕೆ ಜಜ್ಜುತ್ತ. “ಹಾಕಿದ್ರೆ ನೀ ಹೋತೆ. ನಿನ್ನ ತಿಥಿ ಊಟ ಉಣ್ಣೂಕೆ ನಂಗೆ ಮನಸೂ ಇಲ್ಲ, ಹಲ್ಲೂ ಇಲ್ಲ.”

“ಹೋದ್ರೆ ಹೋತೆ ಅಕ್ಕಾ. ಹೆಸ್ರು ಉಳೀತದಲಾ?”

“ಬಾಯ್ಮುಚ್ಚ! ತೊಟ್ಲ ಕಟ್ಟೂ ಮನೇಲಿ ಸಾಯೂ ಮಾತು. ಅದೂ ಅಲ್ದೆ, ನಿನ್ನ ಹೆಸ್ರು ಇಟ್ರೆ ಚಂದನಾ ಹೆಂಗೆ ಕರೂದು ಮಗೂನ? ಮಾವನ ಹೆಸ್ರು ಬಾಯ್ಬಿಟ್ಟು ಹೇಳೂದಾ? ಹೊನ್ನಮ್ಮ ಹೆಂಗೆ ಕರೂದು? ಇಬ್ರೂ ಸೇರಿ ಮಗೂಗೆ ‘ಹೋಯ್’ ಅನ್ಲಾ?”

ಒಳಗಿನಿಂದ ಹೊನ್ನಮ್ಮ ನಕ್ಕಿದ್ದು ಕೇಳಿಸಿತು.

“ಹಂಗಾರೆ ನನ್ನ ಹೆಸ್ರಿನ ಬೇರೆ ಯಾರಾರೂ ಇದ್ರೆ?” ದಕ್ಕಪ್ಪ ಬಿಡಲಿಲ್ಲ. “ಅಂವನ ಲೆಕ್ಕದಲ್ಲಿ ಇಡೂಕಾಗ್ತದಲಾ? ಆಗ ಅದು ನನ್ನ ಹೆಸ್ರಲ್ಲ, ಅಂವನ ಹೆಸ್ರು.”

ದೇವಕ್ಕ ಜಜ್ಜುವುದನ್ನು ನಿಲ್ಲಿಸಿ ಯೋಚಿಸಿದಳು. ಅವಳಿಗೆ ತಿಳಿದ ಶಾಸ್ತ್ರದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. “ಆಗ್ತದೆ. ಆದ್ರೆ ಎಲ್ಲಿದ್ದ ಅಂವ?”

“ಇಲ್ದೆ ಏನು? ಎಷ್ಟ್ ಜನ ಇದ್ರು—”

“ನೀ ಹೇಳಿದ್ರೆ ಆಗೂದಿಲ್ಲ. ನಿನ್ನ ಬಾಯಿ ನಂಗೆ ಗೊತ್ತಿತ್ತು. ಮನ್ಷ್ಯನ್ನೇ ತಂದು ಈ ಅಂಗಳದಲ್ಲಿ ನಿಲ್ಸು. ಅಂವನ ಬಾಯಲ್ಲೇ ಕೇಳ್ತೆ ನಾನು. ನಾಳೆ ತೊಟ್ಲಿಗೆ ಹಾಕೂದ್ರೊಳಗೆ ತಂದ್ರೆ ಆ ಹೆಸ್ರು. ಇಲ್ದಿದ್ರೆ ಗಣಪ ಅಂತ ಇಡ್ತೆ, ಮುಗೀತು.”

ದಕ್ಕಪ್ಪ ಅಂಗಿಯ ಗುಂಡಿ ಹಾಕಿದ್ದು ರಸ್ತೆಯಲ್ಲಿ, ಚಪ್ಪಲಿ ಮೆಟ್ಟಿದ್ದು ಬಸ್ಸಿನಲ್ಲಿ.

ಭಟ್ಕಳ ಪೇಟೆಯಲ್ಲಿ ಅವನು ಮೊದಲು ಕೇಳಿದ್ದು ಬಟ್ಟೆ ಅಂಗಡಿಯ ನವಾಯತ ಸಾಹುಕಾರರನ್ನು. ಅವರು ಗಡ್ಡ ನೀವಿಕೊಂಡು, “ಕಂಡಕ್ಟ್ರೇ, ನಾನು ದುಬೈ ನೋಡಿದ್ದೆ, ಮಸ್ಕತ್ ನೋಡಿದ್ದೆ. ಇಂಥಾ ನಾಮ್ ಎಲ್ಲೂ ಕೇಳ್ಲಿಲ್ಲ. ಎಂತ, ಔಷಧದ ಹೆಸ್ರಾ?” ಎಂದರು. ಹೊನ್ನಾವರದ ಬಸ್ಸು ಹತ್ತಿ, ಮುರ್ಡೇಶ್ವರ ದಾಟುವಾಗ ಇವನು ಎದ್ದು ನಿಂತು, “ಈ ಬಸ್ಸಲ್ಲಿ ದಕ್ಕಪ್ಪ ಅನ್ನೂರು ಯಾರಾರೂ ಇದ್ರಾ?” ಎಂದು ಕೂಗಿದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಹುಡುಗಿ, “ಅಜ್ಜಾ, ಟಿಕೆಟ್ ತಗಳ್ದವ್ರು ಯಾರಾರೂ ಇದ್ರಾ ಅಂತ ಕೇಳಿ, ನಂಗೂ ಉಪಕಾರ ಆಗ್ತದೆ,” ಎಂದಳು.

ಕಿಟಕಿಯ ಹೊರಗೆ ಹೆದ್ದಾರಿ ಅಗಲವಾಗಿ, ನೆಟ್ಟಗೆ, ಗುರುತೇ ಸಿಗದಂತೆ ಓಡುತ್ತಿತ್ತು. ಟೆಂಪೋ ನಿಲ್ಲುತ್ತಿದ್ದ ಮಾವಿನ ಮರಗಳಿಲ್ಲ, ಚಾ ಅಂಗಡಿಗಳಿಲ್ಲ. ದಕ್ಕಪ್ಪ ಈ ಕಿಟಕಿಯಿಂದ ಆ ಕಿಟಕಿಗೆ ಸೀಟು ಬದಲಿಸುತ್ತ, ಯಾವ ತಿರುವಿನಲ್ಲಿ ಯಾವ ಕಥೆ ಹೇಳಿದ್ದೆ ಎಂದು ನೆನಪಿಸಿಕೊಳ್ಳುತ್ತ ಹೋದ. ನೆನಪಾದದ್ದೆಲ್ಲ ಸುಳ್ಳು. ಸುಳ್ಳಿನ ಗೊಂಚಲಲ್ಲಿ ಒಂದಾದರೂ ನಿಜವಾದ ದಕ್ಕಪ್ಪ ಎಲ್ಲಾದರೂ ಸಿಕ್ಕಿಕೊಂಡಿದ್ದಾನೋ ಎಂದು ಅವನು ತಡಕಾಡಿದ.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಪಕ್ಕ ಪಾನ್ ಅಂಗಡಿಯ ದುರ್ಗಪ್ಪ ಹಳೆಯ ಕುಳ. ಅಲ್ಲಿ ಓಡಾಡುವ ನಾಯಿಗೂ ಅವನಿಗೂ ಪರಿಚಯ. ಇವನು ಹೆಸರು ಹೇಳಿದ್ದೇ ತಡ, ದುರ್ಗಪ್ಪ ಸುಣ್ಣದ ಬೆರಳು ಮೇಲೆತ್ತಿದ.

“ದಕ್ಕಪ್ಪನಾ? ಗೊತ್ತಿಲ್ದೆ ಏನು! ಮಾವಿನಕುರ್ವೆಯಂವ. ದೊಡ್ಡ ಮನ್ಷ್ಯ.”

ದಕ್ಕಪ್ಪನಿಗೆ ಅಂಗಡಿಯ ಹಲಗೆ ಹಿಡಿದುಕೊಳ್ಳಬೇಕಾಯಿತು. “ಇದ್ನಾ ಹಂಗಾರೆ? ಖರೇ?”

“ಅಲ್ಲ ಮಾರಾಯ್ರೆ, ಗಾಳಿಮಳೆ ದಿವ್ಸ ಉಪ್ಪು ತುಂಬಿದ ಮಚ್ವೆ ದೋಣಿ ಅಳಿವೆಲಿ ಮಗುಚೂಕಾಗಿತ್ತು. ಅಂವ ನೀರಿಗೆ ಹಾರಿ, ಮಚ್ವೆಯ ಹಗ್ಗ ಹಲ್ಲಲ್ಲಿ ಕಚ್ಕಂಡು, ಹೊಳೆಯ ತಳದಲ್ಲೇ ನಡ್ಕಂಡು ದಡಕ್ಕೆ ಎಳ್ದ. ಎಳೂವಾಗ ಅರ್ಧ ಉಪ್ಪು ಕರಗೋಯ್ತು. ಅದ್ಕೇ ಶರಾವತಿಯ ಬಾಯಿ ಈಗ್ಲೂ ಉಪ್ಪು.”

ದಕ್ಕಪ್ಪನ ಮುಖ ಇಳಿಯಿತು. ಅದು ಅವನದೇ ಕಥೆ. ಶರಾವತಿ ಸೇತುವೆಯ ಮೇಲೆ ಟೆಂಪೋ ಕೆಟ್ಟು ನಿಂತ ಒಂದು ಸಂಜೆ, ಇಳಿದು ಹೋಗಲು ಹೊರಟ ಜನರನ್ನು ಹಿಡಿದಿಡಲು ಹೊಸೆದದ್ದು.

“ಇದ ನಿಂಗೆ ಯಾರು ಹೇಳಿದ್ರು?”

“ಯಾರು ಹೇಳೂದು ಎಂತಕೆ? ಊರಿಗೇ ಗೊತ್ತಿತ್ತು. ಬೇಕಾದ್ರೆ ಮಾವಿನಕುರ್ವೆಗೆ ಹೋಗಿ ಕೇಳಿ, ಅಂವನ ಜಾಗವೇ ಇತ್ತು ಅಲ್ಲಿ.”

ತಾನೇ ಹುಟ್ಟಿಸಿದ ಸುಳ್ಳನ್ನು ಹುಡುಕಿಕೊಂಡು ಹೋಗುವ ಮೂರ್ಖ ಯಾರಿದ್ದಾನೆ? ದಕ್ಕಪ್ಪ ವಾಪಸು ಭಟ್ಕಳದ ಬಸ್ಸಿನ ಕಡೆಗೆ ಹೆಜ್ಜೆಯಿಟ್ಟ. ಹೆಜ್ಜೆ ಅರ್ಧದಲ್ಲೇ ನಿಂತಿತು. ಹಾಗಾದರೆ ಆ ಕಥೆ ನನ್ನ ಬಾಯಿಗೆ ಬಂದದ್ದಾದರೂ ಎಲ್ಲಿಂದ? ನಾನೇ ಕಟ್ಟಿದೆನೋ, ಯಾರೋ ಹೇಳಿದ್ದು ಕಿವಿಯಲ್ಲಿ ಉಳಿದಿತ್ತೋ? ಇಷ್ಟು ವರ್ಷ ಸುಳ್ಳು ಎಂದುಕೊಂಡು ನಿಜವನ್ನೇ ಹೇಳಿಬಿಟ್ಟಿದ್ದರೆ? ಹುಲಿ, ತಿಮಿಂಗಿಲ ಬಿಡಿ, ಈ ಮಚ್ವೆಯ ಕಥೆಯಲ್ಲಿ ಯಾವಾಗಲೂ ಒಂಥರಾ ಖರೇ ವಾಸನೆಯಿತ್ತು ಎಂದು ಅವನಿಗೆ ಈಗ ಅನ್ನಿಸತೊಡಗಿತು. ಯೋಚಿಸುತ್ತಿದ್ದ ಹಾಗೇ ಕಾಲುಗಳು ಮಾವಿನಕುರ್ವೆಯ ದಾರಿ ಹಿಡಿದಿದ್ದವು.

ಮಾವಿನಕುರ್ವೆಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು, ಹೆಸರು ಶರ್ಮಿಳಾ, ಇವನು ಕೇಳಿದ ಕೂಡಲೇ ಕೈಯ ಉಪ್ಪು ಕೊಡವಿ ಎದ್ದಳು. “ಬನ್ನಿ, ತೋರಿಸ್ತೆ.” ನೀರಿನ ಅಂಚಿಗೆ ಒಂದು ಕರಿಯ ಕಲ್ಲು. ಕಲ್ಲಿನ ನೆತ್ತಿಗೆ ಕುಂಕುಮ, ಬುಡದಲ್ಲಿ ಒಣಗಿದ ಹೂವು, ಒಡೆದ ತೆಂಗಿನಕಾಯಿಯ ಚೂರುಗಳು.

“ದಕ್ಕಪ್ಪನ ಕಲ್ಲು,” ಎಂದಳು ಶರ್ಮಿಳಾ. “ಮಚ್ವೆ ಎಳ್ದು ಹಗ್ಗ ಕಟ್ಟಿದ್ದು ಇದ್ಕೇ. ಇಲ್ಲಿ ಕಾಣಿ, ಹಗ್ಗ ಉಜ್ಜಿದ ಗುರ್ತು. ಹೊಸ ದೋಣಿ ಇಳ್ಸೂ ಮುಂಚೆ ನಮ್ಮವ್ರು ಒಂದು ಕಾಯಿ ಒಡೀತ್ರು.”

ದಕ್ಕಪ್ಪ ನೋಡಿದ. ಗುರುತು ಇತ್ತು! ಕಲ್ಲಿನ ಸೊಂಟದಲ್ಲಿ, ಬೆರಳು ಇಡುವಷ್ಟು ಆಳ. ಅವನ ಕಥೆಯಲ್ಲಿ ಈ ಕಲ್ಲು ಇರಲೇ ಇಲ್ಲ. ಕಥೆ ಇವನನ್ನು ಬಿಟ್ಟು, ತಾನೇ ಈಜಿ ಬಂದು, ಇಲ್ಲಿ ಮನೆ ಕಟ್ಟಿಕೊಂಡು, ಕಾಯಿ ತಿಂದು ದಪ್ಪವಾಗಿ ಕೂತಿತ್ತು. ಅವನ ಕೈಗಳು ತಂತಾನೇ ಜೋಡಿಕೊಂಡವು. ಕೈ ಜೋಡಿಸಿದ ಮೇಲೆ ಯಾರಿಗೆ ಜೋಡಿಸಿದೆ ಎಂದು ನಾಚಿಕೆಯಾಗಿ ಬಿಡಿಸಿಕೊಂಡ. ಶರ್ಮಿಳಾ ನೋಡುತ್ತಿದ್ದಳೆಂದು ಮತ್ತೆ ಜೋಡಿಸಿದ.

“ಇಂವನ ಕಡೆಯವ್ರು ಯಾರಾರೂ ಇದ್ರಾ ಈಗ? ಈ ಹೆಸ್ರಿನವ್ರು?”

“ಆ ಹೆಸ್ರು ಕಂಡಕಂಡವ್ರು ಇಟ್ಕಂಬೂದಲ್ಲ ಅಜ್ಜಾ. ಅದ್ಕೆ ಯೋಗ್ತೆ ಬೇಕು,” ಎಂದಳು ಶರ್ಮಿಳಾ. ದಕ್ಕಪ್ಪ ತುಟಿ ಕಚ್ಚಿಕೊಂಡ. “ಕುಮಟೆಲಿ ಒಬ್ರು ಇದ್ರು. ಲೈನ್‌ಮ್ಯಾನು. ವರ್ಸಕ್ಕೊಂದ್ ಸಲ ಬಂದು ಕಾಯಿ ಒಡ್ದು ಹೋಗ್ತ್ರು. ದಕ್ಕಪ್ಪ ಅಂತ್ಲೇ ಅವ್ರ ಹೆಸ್ರು.”

“ನೀ ಕಂಡಿದ್ಯಾ? ನಿನ್ನ ಕಣ್ಣಾರೆ?”

“ಮತ್ತೆ! ಹೋದ ಸಲ ನಮ್ಮ ಮನೆ ಮೀಟ್ರೂ ನೋಡ್ಕೊಟ್ಟು ಹೋದ್ರು.”

ಕಣ್ಣಾರೆ ಕಂಡವಳು, ಮೀಟರು ನೋಡಿದವನು! ಇದು ಕಥೆಯೊಳಗಿನ ಮಾತಲ್ಲ. ಕಥೆಯಲ್ಲಿ ಯಾರೂ ಮೀಟರು ನೋಡುವುದಿಲ್ಲ. ದಕ್ಕಪ್ಪ ಮಾವಿನಕುರ್ವೆಯಿಂದ ಹೆದ್ದಾರಿಗೆ ಬಂದ ವೇಗಕ್ಕೆ ದಾರಿಯಲ್ಲಿ ಒಣಹಾಕಿದ್ದ ಮೀನುಗಳು ಒಮ್ಮೆ ಮಗ್ಗುಲು ಬದಲಿಸಿದವು ಎಂದು ಆಮೇಲೆ ಅವನೇ ಹೇಳುತ್ತಿದ್ದ.

ಕುಮಟೆಗೆ ಬಂದಿಳಿದಾಗ ಹೊತ್ತು ಇಳಿಮುಖವಾಗಿತ್ತು. ಪೇಟೆಯ ಒಂದು ಭಾಗದಲ್ಲಿ ಕರೆಂಟು ಹೋಗಿ ಅಂಗಡಿಯವರು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕರೆಂಟು ಹೋದಲ್ಲಿ ಲೈನ್‌ಮ್ಯಾನ್ ಇರಬೇಕು ಎಂಬ ಬುದ್ಧಿ ಅವನಿಗೆ ಹೊಳೆಯಿತು. ಕೇಳುತ್ತ ಕೇಳುತ್ತ ಮೂರೂರು ರಸ್ತೆಯ ಒಂದು ಕಂಬದ ಬುಡಕ್ಕೆ ಬಂದು ನಿಂತ. ಕಂಬದ ತುದಿಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಬ್ಬ ಗಟ್ಟಿಮುಟ್ಟಾದ ಆಸಾಮಿ ತಂತಿಯೊಡನೆ ಗುದ್ದಾಡುತ್ತಿದ್ದ.

ಈಗ ಕರೆಯಬೇಕು. ಹೆಸರು ಹಿಡಿದು ಕರೆಯಬೇಕು. ದಕ್ಕಪ್ಪ ಬಾಯಿ ತೆರೆದ, ಮುಚ್ಚಿದ. ತನ್ನ ಹೆಸರನ್ನು ತಾನೇ ಕೂಗುವ ಕೆಲಸ ಯಾವ ಮನುಷ್ಯನಿಗೂ ಅಭ್ಯಾಸವಿರುವುದಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಟೆಂಪೋದ ಬಾಗಿಲಲ್ಲಿ ನಿಂತು ಹೊನ್ನಾವರ ಹೊನ್ನಾವರ ಎಂದು ಕೂಗುತ್ತಿದ್ದ ಹಳೆಯ ಗಂಟಲನ್ನು ಎಬ್ಬಿಸಿದ:

“ದಕ್ಕಪ್ಪಾ!”

“ಓ!” ಎಂದಿತು ಆಕಾಶ.

ದಕ್ಕಪ್ಪನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಇನ್ನೊಮ್ಮೆ ಕೂಗಿದ. “ದಕ್ಕಪ್ಪಾ!”

“ಓ ಅಂದ್ನಲ್ರೀ! ಕರೆಂಟ್ ಬರೂಕೆ ಇನ್ನೂ ಹೊತ್ತದೆ.”

“ಕರೆಂಟ್ ಬ್ಯಾಡ ಮಾರಾಯಾ, ನೀ ಬಾ ಕೆಳಗೆ!”

ಎದುರುಮನೆಯ ಕಿಟಕಿಯಿಂದ ಒಬ್ಬಳು ತಲೆ ಹೊರಹಾಕಿದಳು. “ಅಜ್ಜಾ, ಅವ್ರ ಇಳ್ಸಬ್ಯಾಡಿ! ನಮ್ಮ ಮಿಕ್ಸಿಲಿ ಮಸಾಲೆ ಅರ್ಧ ಅರ್ದು ಕೂತದೆ. ಬಂಗಡೆ ಕಾಯ್ತದೆ!”

ಅವಳ ಬಂಗಡೆಗಾಗಿ ದಕ್ಕಪ್ಪ ಕಂಬದ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತ ಕಾಯಬೇಕಾಯಿತು. ಕಡೆಗೂ ಮಿಕ್ಸಿ ಗರ್ರೆಂದಿತು, ಲೈನ್‌ಮ್ಯಾನ್ ಇಳಿದು ಬಂದ. ನಲವತ್ತರ ಆಚೀಚಿನ ವಯಸ್ಸು, ಎಣ್ಣೆ ಕುಡಿದ ಕರಿಮರದಂಥ ತೋಳು. ಕಥೆಯ ದಕ್ಕಪ್ಪನಿಗೆ ತಾನು ಕೊಟ್ಟಿದ್ದ ತೋಳು ಇದೇ ಎಂದು ಮುದುಕನಿಗೆ ಅನ್ನಿಸಿತು.

“ಹೇಳಿ ಅಜ್ಜಾ, ಎಂತ ಆಗ್ಬೇಕಿತ್ತು?”

“ನಿಂಗೆ... ಈ ಹೆಸ್ರು ಹೆಂಗೆ ಬಂತು ತಮಾ?”

ಲೈನ್‌ಮ್ಯಾನ್ ನಕ್ಕ. ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವನ ನಗು. ಕಂಬಕ್ಕೆ ಒರಗಿ ನಿಂತುಕೊಂಡ. “ನಮ್ಮ ಅಬ್ಬೆಗೆ ಮಕ್ಕಳು ದಕ್ತಿರ್ಲಿಲ್ಲ. ನಾ ಹೊಟ್ಟೇಲಿದ್ದಾಗ ಒಂದಿನ ಟೆಂಪೋದಲ್ಲಿ ಹೊನ್ನಾವರಕ್ಕೆ ಹೋಗ್ವಾಗ ಅದ್ರ ಕಂಡಕ್ಟ್ರು ಹೇಳ್ತಿದ್ನಂತೆ, ದಕ್ಕಪ್ಪ ಅಂದ್ರೆ ಸಾವು ಹಿಡ್ದು ಹಿಡ್ದು ಬಿಟ್ಟ ಮನ್ಷ್ಯ ಅಂತ. ಹುಲಿ ತಿನ್ಲಿಲ್ಲ, ಹೊಳೆ ಒಯ್ಲಿಲ್ಲ. ಅಬ್ಬೆ ಅಲ್ಲೇ ಹರಕೆ ಹೊತ್ಲು, ಗಂಡಾದ್ರೆ ಅದೇ ಹೆಸ್ರು ಅಂತ. ಕಾಣಿ, ದಕ್ದೆ. ಮಾವಿನಕುರ್ವೆಲಿ ಅಂವ ಎರಡು ಮಚ್ವೆ ಒಟ್ಟಿಗೆ ಎಳ್ದಿದ್ದ ಗೊತ್ತಾ? ಕಬ್ಬಿಣದ ಸಂಕ್ಲೆ, ಹಲ್ಲಲ್ಲಿ!”

“ಸಂಕ್ಲೆ ಅಲ್ಲ, ಹಗ್ಗ. ಮಚ್ವೆ ಒಂದೇ,” ಎಂದುಬಿಟ್ಟ ದಕ್ಕಪ್ಪ. ಬಾಯಿ ತಡೆಯಲಿಲ್ಲ.

ಲೈನ್‌ಮ್ಯಾನ್‌ನ ಹುಬ್ಬು ಮೇಲೇರಿತು. “ನಿಮ್ಗೆ ಹೆಂಗೆ ಗೊತ್ತು? ನೀವು ಕಂಡಿದ್ರಾ?”

“ಇಲ್ಲ... ಕೇಳಿದ್ದು.”

“ಹಂಗಾರೆ ಸುಮ್ನಿರಿ. ನಾ ದಿನಾ ಕಂಬ ಹತ್ತೂ ಮುಂಚೆ ಒಂದ್ ಸಲ ಅಂವನ್ನ ನೆನೀತೆ. ಎರಡ್ ಸಲ ಶಾಕ್ ಹೊಡ್ದು ಬಿದ್ದಿದ್ದೆ, ಎದ್ದು ಕೂತೆ. ಅಂವ ಸುಮ್ನೆ ಮನ್ಷ್ಯ ಅಲ್ಲ ಅಜ್ಜಾ.” ಬೆವರು ಒರೆಸಿಕೊಂಡು ಕೇಳಿದ, “ನಿಮ್ಮ ಹೆಸ್ರೆಂತ?”

ಮುದುಕನ ನಾಲಿಗೆಯ ತುದಿಯಲ್ಲಿ ಹೆಸರು ಬಂದು ಕೂತಿತು. ಇಡೀ ಜನ್ಮದಲ್ಲಿ ಇಷ್ಟು ಸಿಹಿಯಾಗಿ ಕೂತಿರಲಿಲ್ಲ. ನಾನೇ ಮಾರಾಯಾ, ಮೂಲ ದಕ್ಕಪ್ಪ ನಾನೇ, ಹಗ್ಗವೂ ನನ್ನದು, ಮಚ್ವೆಯೂ ನನ್ನದು, ನಿನ್ನ ಅಬ್ಬೆಗೆ ಹೇಳಿದ ಬಾಯಿ ಇದೇ ಬಾಯಿ. ಇಷ್ಟು ಹೇಳಿಬಿಟ್ಟರೆ ಇವನು ಕಾಲಿಗೆ ಬೀಳುತ್ತಾನೋ, ಕೆನ್ನೆಗೆ ಬಾರಿಸುತ್ತಾನೋ ಹೇಳಲಾಗದು. ಆದರೆ ನಾಳೆ ಬೆಳಿಗ್ಗೆ ಇನ್ನೊಂದು ಕಂಬದ ಬುಡದಲ್ಲಿ ನಿಂತಾಗ ಇವನು ನೆನೆಯುವುದು ಯಾರನ್ನು? ನುಗ್ಗೆಕೋಡಿನ ತೋಳಿನ ಒಬ್ಬ ಟೆಂಪೋ ಕಂಡಕ್ಟರನನ್ನೇ? ತಲೆಯ ಮೇಲೆ ತಂತಿಗಳು ಜುಂಯ್ ಎನ್ನುತ್ತಿದ್ದವು. ದಕ್ಕಪ್ಪ ಅತ್ತ ನೋಡಿದ, ಇತ್ತ ನೋಡಿದ.

“ನಂಗೆ ನರೇಶನ ಅಪ್ಪ ಅಂತ್ರು,” ಎಂದ.

ಆಮೇಲೆ ಬಂದ ವಿಷಯ ಹೇಳಿದ. ಮೊಮ್ಮಗನಿಗೆ ಆ ಶೂರನ ಹೆಸರಿಡಬೇಕೆಂದು ಮನಸ್ಸು. ಅಂಥ ಹೆಸರಿದೆ ಎಂದು ಅಕ್ಕ ನಂಬುವುದಿಲ್ಲ. ನಾಳೆ ಬಂದು ಅಂಗಳದಲ್ಲಿ ನಿಂತು ಒಂದು ಮಾತು ಹೇಳಬೇಕು. ಲೈನ್‌ಮ್ಯಾನ್‌ನ ಮುಖ ಅರಳಿ ಹಲಸಿನ ಹಣ್ಣಾಯಿತು. ಈ ಹೆಸರಿಗೆ ಇನ್ನೊಂದು ಕುಡಿ ಹುಟ್ಟುತ್ತದೆ ಎಂದರೆ ಭಟ್ಕಳವಲ್ಲ, ಗೋವೆಗೆ ಕರೆದರೂ ಬರುತ್ತೇನೆ ಎಂದ. ನಾಳೆ ತನಗೆ ರಜೆ, ಬೈಕಿನಲ್ಲಿ ಬಂದುಬಿಡುತ್ತೇನೆ ಎಂದ. “ಹೊತ್ತು ಹುಟ್ಟಿ ಏರೂದ್ರೊಳಗೆ ಅಲ್ಲಿರ್ತೆ. ಹೆದ್ರಬ್ಯಾಡಿ.”

ಹೆದರದೆ ಇರುವುದು ಹೇಗೆ? ಬರದಿದ್ದರೆ ಒಂದು ಹೆದರಿಕೆ. ಬಂದರೆ ಅದಕ್ಕಿಂತ ದೊಡ್ಡದು. ದೇವಕ್ಕನಿಗೆ ಸೂಲಗಿತ್ತಿಯೂ ಗೊತ್ತು, ಮೊರವೂ ಗೊತ್ತು. ಶೂರನೂ ಇಲ್ಲ, ಮಚ್ವೆಯೂ ಇಲ್ಲ, ಈ ಹೆಸರು ನನ್ನ ತಮ್ಮನದು ಎಂದು ಅವಳು ಒಂದು ಮಾತು ಆಡಿದರೆ ಕಥೆ ಅಂಗಳದಲ್ಲೇ ಸತ್ತುಬೀಳುತ್ತದೆ, ಮೊಮ್ಮಗ ಗಣಪನಾಗುತ್ತಾನೆ, ಲೈನ್‌ಮ್ಯಾನ್ ಬರಿಗೈಯಲ್ಲಿ ಕಂಬ ಹತ್ತಬೇಕಾಗುತ್ತದೆ. ಮನೆಗೆ ಬಂದವನು ಉಂಡದ್ದು ಎಂತ ಎಂದು ಅವನಿಗೇ ಗೊತ್ತಾಗಲಿಲ್ಲ.

ಮಾರನೆಯ ದಿನ ಮನೆ ತುಂಬ ನೆಂಟರು. ತೊಟ್ಟಿಲಿಗೆ ಮಲ್ಲಿಗೆ ಇಳಿಬಿಟ್ಟಿದ್ದರು. ಹೊತ್ತು ಏರಿತು, ಬೈಕಿಲ್ಲ. ದಕ್ಕಪ್ಪ ಗೇಟಿಗೆ ಹೋದ, ಬಂದ. ನರೇಶ, “ಅಪ್ಪಾ, ಒಂದ್ ಗಳಿಗೆ ಕೂತ್ಕಳೂಕಾಗೂದಿಲ್ಲಾ? ನೆಲ ಸವೀತು,” ಎಂದ. ದೇವಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ತೊಟ್ಟಿಲ ಪಕ್ಕ ಕೂತು, “ಎಂತ, ಗಣಪನೇ ಆತಲಾ ಹಂಗಾರೆ? ಮಗು ಹಸ್ಕಂಡದೆ,” ಎಂದಳು.

“ಒಂದ್ ಚಣ ಅಕ್ಕಾ—”

“ನಿನ್ನ ಚಣ ಬೆಳಿಗ್ಗಿಂದ ಮುಗೀಲಿಲ್ಲ.” ಅವಳು ಮಗುವಿನ ಕಿವಿಯ ಹತ್ತಿರ ಬಾಯಿ ತಂದಳು. ಗದ್ದೆಯಾಚೆ ಬೈಕಿನ ಸದ್ದಾಯಿತು.

ಲೈನ್‌ಮ್ಯಾನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಎರಡು ತೆಂಗಿನಕಾಯಿ ಹಿಡಿದು ಅಂಗಳದಲ್ಲಿ ನಿಂತ. “ದಾರೀಲಿ ಮಾವಿನಕುರ್ವೆಗೆ ಹೋಗಿ ಒಂದು ಕಾಯಿ ಒಡ್ದು ಬಂದೆ. ತಡ ಆತು,” ಎಂದ.

ದೇವಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿನ್ನ ಹೆಸ್ರೆಂತ ಮಗಾ?”

“ದಕ್ಕಪ್ಪ.”

ಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೆಂಟರ ಕಣ್ಣೆಲ್ಲ ಮುದುಕನ ಮೇಲೆ. ಮುದುಕ ಮಾಡಿನ ಹಂಚು ಎಣಿಸುವವನ ಹಾಗೆ ಮೇಲೆ ನೋಡುತ್ತಿದ್ದ.

“ಯಾರ ಹೆಸ್ರು ಅದು? ಯಾರು ಇಟ್ಟದ್ದು?”

ಲೈನ್‌ಮ್ಯಾನ್ ಹೇಳಿದ. ಹುಲಿ ಬಂತು, ತಿಮಿಂಗಿಲ ಬಂತು, ಮಚ್ವೆ ಬಂತು. ನಿನ್ನೆ ಎರಡಿದ್ದ ಮಚ್ವೆ ಇವತ್ತು ಮೂರಾಗಿದ್ದವು. ತಾಯಿಯ ಹರಕೆ ಹೇಳುವಾಗ ಮಾತ್ರ ಅವನ ದನಿ ಸಣ್ಣದಾಯಿತು. ಅಬ್ಬೆ ಸಾಯುವ ತನಕ ದಿನಕ್ಕೆ ಹತ್ತು ಸಲವಾದರೂ ಸುಮ್ಮಸುಮ್ಮನೆ ಆ ಹೆಸರು ಕೂಗಿ, ‘ಓ’ ಎಂದರೆ ‘ಏನಿಲ್ಲ, ಇದ್ಯಾ ಅಂತ ಕಂಡೆ’ ಎನ್ನುತ್ತಿದ್ದಳಂತೆ.

ದೇವಕ್ಕ ಬಾಯಲ್ಲಿದ್ದ ಎಲೆಯಡಿಕೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿದಳು. ತಮ್ಮನ ಕಡೆ ನೋಡಿದಳು. ದಕ್ಕಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಮೊರದಲ್ಲಿ ಮಲಗಿದ್ದ ಇವನನ್ನು ಮೊದಲು ಎತ್ತಿಕೊಂಡ ಕೈ ಅವಳದು. ಅವಳ ಬಾಯಿ ತೆರೆಯಿತು.

“ಆ ಮಚ್ವೆಲಿ ಇದ್ದದ್ದು ಎಂತ?”

“ಉಪ್ಪು,” ಎಂದ ಲೈನ್‌ಮ್ಯಾನ್.

“ನಮ್ಮಪ್ಪ ಹೇಳೂವಾಗ ಕೊಬ್ರಿ ಅಂತಿದ್ದ,” ಎಂದಳು ದೇವಕ್ಕ. “ಇರ್ಲಿ. ಉಪ್ಪೇ ಇರ್ಬೋದು. ದೊಡ್ಡ ಮನ್ಷ್ಯ ಬಿಡು ಅಂವ.”

ದಕ್ಕಪ್ಪ ಅಕ್ಕನ ಮುಖ ನೋಡುತ್ತ ನಿಂತುಬಿಟ್ಟ. ತನ್ನ ಸುಳ್ಳಿನ ವಿದ್ಯೆ ಎಲ್ಲಿಂದ ಬಂದದ್ದೆಂದು ಅವನಿಗೆ ಆ ಹೊತ್ತಿಗೆ ತಿಳಿಯಿತು. ದೇವಕ್ಕ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಮಗು ಕೈ ಆಡಿಸಿ ಆಕಳಿಸಿತು. ಹೆಂಗಸರು ತೊಟ್ಟಿಲು ತೂಗಿದರು. ಚಂದನಾ ಬಗ್ಗಿ, ಮೊದಲು ನಾಚುತ್ತ, ಆಮೇಲೆ ಧೈರ್ಯವಾಗಿ, “ದಕ್ಕಪ್ಪಾ, ಏ ದಕ್ಕಪ್ಪಾ, ಇತ್ಲಾಗೆ ಕಾಣು,” ಎಂದಳು. ಜಗಲಿಯ ತುದಿಯಲ್ಲಿ ಮುದುಕ ಕಂಬ ಹಿಡಿದುಕೊಂಡ.

ಊಟದ ಹೊತ್ತಿಗೆ ಎಲೆ ಹಾಸಿ, ಬಡಿಸಿ ಆಯಿತು. ನೆಂಟರೆಲ್ಲ ಕೂತರು. ದಕ್ಕಪ್ಪ ಮಾತ್ರ ಅಂಗಳದಲ್ಲಿ ಲೈನ್‌ಮ್ಯಾನ್‌ಗೆ ಕೈತೊಳೆಯಲು ನೀರು ಹೊಯ್ಯುತ್ತ, ಗೇರುಸೊಪ್ಪೆಯ ಹುಲಿಯ ಬಾಲ ಎಷ್ಟು ಮಾರು ಉದ್ದವಿತ್ತೆಂದು ವಾದಿಸುತ್ತ ನಿಂತಿದ್ದ. ಹೊನ್ನಮ್ಮ ಬಾಗಿಲಿಗೆ ಬಂದಳು. ಗಂಡನ ಬೆನ್ನು ನೋಡಿದಳು. ಮಲಗಿದ್ದ ಮಗುವಿನ ತೊಟ್ಟಿಲ ಕಡೆ ಮುಖ ತಿರುಗಿಸಿಕೊಂಡು, ಓಣಿಯ ಕೊನೆಗೂ ಕೇಳುವ ಹಾಗೆ ಗಂಟಲು ತೆರೆದಳು:

“ದಕ್ಕಪ್ಪಾ! ಎಲೆ ಹಾಕಿ ಎಷ್ಟೊತ್ತಾತು! ಉಣ್ಣೂಕೆ ಬತ್ಯಾ, ಅಲ್ಲ ಅನ್ನ ಆರ್ಲಾ?”

ಒಳಗೆ ಚಂದನಾ ಕಿಸಕ್ಕೆಂದಳು.

“ಓ!” ಎಂದರು ಅಂಗಳದಲ್ಲಿ ಇಬ್ಬರೂ ಒಟ್ಟಿಗೆ.

ಲೈನ್‌ಮ್ಯಾನ್ ತಿರುಗಿ ನೋಡಿದ. “ನೀವೆಂತಕೆ ಓ ಅಂದ್ರಿ ಅಜ್ಜಾ?”

“ಮಗೂಗೆ ಇನ್ನೂ ಮಾತು ಬತ್ತಿಲ್ಲಲ ಮಾರಾಯಾ,” ಎಂದ ದಕ್ಕಪ್ಪ, ಕಣ್ಣು ಒರೆಸಿಕೊಳ್ಳುತ್ತ. “ಅದು ಕಲಿಯೂ ತನ್ಕ ನಾ ಅನ್ತೆ. ಬಾ, ಅನ್ನ ಆರ್ತದೆ.”